ಪರಸ್ಥಳದಲ್ಲಿ ಆಪತ್ತಿನ ಕರೆ: ಅಮೆರಿಕದ ರಕ್ಷಣಾ ದಳಗಳ ರೇಡಿಯೋ ಕಂಪನಾಂಕಗಳೂ ಪ್ರವಾಸಿಯೂ

೧

೨೦೧೮ನೆಯ ಇಸವಿ ನವೆಂಬರ್ ೮ರ ಬೆಳಗ್ಗೆ ಉತ್ತರ ಕ್ಯಾಲಿಫೋರ್ನಿಯದ ಬೆಟ್ಟಗಳಲ್ಲಿ ಹೊತ್ತಿದ ಕಾಡುಗಿಚ್ಚು ಕೆಲವೇ ಗಂಟೆಗಳಲ್ಲಿ ಪ್ಯಾರಡೈಸ್ ಎಂಬ ಊರನ್ನು ಬೂದಿಮಾಡಿತು. ಸುಮಾರು ೨೬,೦೦೦ ಜನ ವಾಸವಾಗಿದ್ದ ಊರು ಅದು. ಆ ಬೆಂಕಿಗೆ ಬಲಿಯಾದವರು ೮೫ ಮಂದಿ. ಊರು ಬಿಟ್ಟು ಹೊರಡಿರೆಂಬ ಎಚ್ಚರಿಕೆ ದೂರವಾಣಿಗಳ ಮೂಲಕ ಹೊರಟಿತಾದರೂ ಅನೇಕ ನಿವಾಸಿಗಳಿಗೆ ಅದು ತಲುಪಲಿಲ್ಲ. ಮೊಬೈಲು ಗೋಪುರಗಳೂ ಬೆಂಕಿಗೆ ತುತ್ತಾದುವು. ಅದೇ ಹೊತ್ತಿನಲ್ಲಿ ಅಗ್ನಿಶಾಮಕ ದಳದವರು ತಮ್ಮತಮ್ಮೊಳಗೆ ಆಡುತ್ತಿದ್ದ ಮಾತು ಯಾವ ಮರೆಯೂ ಇಲ್ಲದೆ ಆಕಾಶದಲ್ಲಿ ಹರಿಯುತ್ತಲೇ ಇತ್ತು. ತಕ್ಕ ಗ್ರಾಹಕ ಯಂತ್ರವೂ, ಅದನ್ನು ಯಾವ ಕಂಪನಾಂಕಕ್ಕೆ ಹೊಂದಿಸಬೇಕೆಂಬ ತಿಳಿವಳಿಕೆಯೂ ಇದ್ದವನು ಬೆಂಕಿ ಯಾವ ದಿಕ್ಕು ಹಿಡಿದಿದೆ, ಯಾವ ರಸ್ತೆ ಮುಚ್ಚಿದೆ ಎಂಬುದನ್ನು ಅದನ್ನು ಎದುರಿಸುತ್ತಿದ್ದವರ ಬಾಯಿಂದಲೇ ಅರಿಯಬಹುದಾಗಿತ್ತು.

ಅಂತಹ ಯಂತ್ರಕ್ಕೆ ಸ್ಕ್ಯಾನರು ಎಂದು ಹೆಸರು. ಪೋಲೀಸು, ಅಗ್ನಿಶಾಮಕ, ಆಂಬುಲೆನ್ಸು ಮೊದಲಾದ ದಳಗಳ ಮಾತನ್ನು ಸ್ಕ್ಯಾನರಿನಲ್ಲಿ ಕೇಳುವ ರೂಢಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೇರೆಲ್ಲಿಗಿಂತಲೂ ಹೆಚ್ಚಾಗಿ ಬೆಳೆದಿದೆ. ತನ್ನ ಊರಿನ ಕಂಪನಾಂಕಗಳು ಸ್ಥಳೀಯನಿಗೆ ಬಾಯಿಪಾಠವಾಗಿರುತ್ತವೆ. ಪ್ರವಾಸಿಯ ಪಾಡು ಬೇರೆ. ಪರಸ್ಥಳದಲ್ಲಿ ನೆಲೆಸಿದವರಿಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾದುದಿಲ್ಲ. ಹೊಸ ಊರಿನ ಅಂಗಡಿ, ನಿಲ್ದಾಣ, ಕಚೇರಿಗಳು ನಾಲ್ಕು ದಿನಗಳಲ್ಲಿ ಪರಿಚಿತವಾಗುತ್ತವೆ. ಆದರೆ ಆ ಊರು ಆಪತ್ತಿನಲ್ಲಿ ಯಾರನ್ನು ಕರೆಯುತ್ತದೆ, ಹೇಗೆ ಕರೆಯುತ್ತದೆ ಎಂಬುದು ತಿಳಿಯಲು ವರ್ಷಗಳು ಹಿಡಿಯುತ್ತವೆ.

ಸ್ಕ್ಯಾನರನ್ನು ಹಿಡಿದು ಹೊರಟ ಪ್ರವಾಸಿಯ ಮುಂದೆ ಮೂರು ಪ್ರಶ್ನೆಗಳಿರುತ್ತವೆ. ತಾನು ಹೋಗುವ ಸ್ಥಳದ ಕಂಪನಾಂಕಗಳು ಎಲ್ಲಿ ದಾಖಲಾಗಿವೆ? ತನ್ನ ಯಂತ್ರಕ್ಕೆ ಅವು ಕೇಳಿಸುವುವೆ? ಕೇಳಲು ಅಲ್ಲಿನ ಕಾಯಿದೆಯ ಅನುಮತಿ ಉಂಟೆ? ಮೂರಕ್ಕೂ ಉತ್ತರ ದೊರೆತಲ್ಲದೆ ಯಂತ್ರದಿಂದ ಪ್ರಯೋಜನವಿಲ್ಲ. ಈ ಮೂರರಲ್ಲಿ ಮೊದಲನೆಯದು ಇಂದು ಸುಲಭವಾಗಿದೆ. ಎರಡನೆಯದು ದಿನೇ ದಿನೇ ಕಠಿಣವಾಗುತ್ತಿದೆ. ಮೂರನೆಯದನ್ನು ಅಲಕ್ಷಿಸಿದವನು ಅಪರಾಧಿಯಾಗಿಬಿಡಬಹುದು.

೨

ಆಕಾಶವಾಣಿಯನ್ನು ಕೇಳಿ ಬೆಳೆದ ಕನ್ನಡಿಗರಿಗೆ ಕಂಪನಾಂಕವೆಂಬ ಮಾತು ಹೊಸದಲ್ಲ. ಬೆಂಗಳೂರು ನಿಲಯದ ಮಧ್ಯಮ ತರಂಗದ ಪ್ರಸಾರ ೪೯೦.೨ ಮೀಟರುಗಳಲ್ಲಿ, ಅಂದರೆ ೬೧೨ ಕಿಲೋಹರ್ಟ್ಸಿನಲ್ಲಿ, ಎಂಬಂತಹ ಪ್ರಕಟಣೆಗಳು ಎಷ್ಟೋ ಮನೆಗಳಲ್ಲಿ ದಿನದ ಮೊದಲ ಮಾತಾಗಿದ್ದುವು. ಈ ಎರಡು ಅಂಕಿಗಳೂ ಒಂದೇ ಅಲೆಯ ಎರಡು ಅಳತೆಗಳು: ಮೀಟರು ಅಲೆಯ ಉದ್ದವನ್ನೂ, ಕಿಲೋಹರ್ಟ್ಸು ಅದು ಸೆಕೆಂಡಿಗೆ ಎಷ್ಟು ಸಾವಿರ ಸಲ ಕಂಪಿಸುತ್ತದೆಂಬುದನ್ನೂ ಹೇಳುತ್ತವೆ. ಕಂಪನ ಹೆಚ್ಚಿದಂತೆ ಅಲೆ ಕಿರಿದಾಗುತ್ತದೆ. ರಕ್ಷಣಾ ದಳಗಳ ಅಲೆಗಳು ಬಹು ಕಿರಿಯವು. ಅವುಗಳ ಕಂಪನವನ್ನು ಮೆಗಾಹರ್ಟ್ಸಿನಲ್ಲಿ, ಎಂದರೆ ಸೆಕೆಂಡಿಗೆ ಹತ್ತು ಲಕ್ಷದ ಲೆಕ್ಕದಲ್ಲಿ, ಹೇಳುತ್ತಾರೆ. ೪೨ ಮೆಗಾಹರ್ಟ್ಸಿನ ಅಲೆ ಸುಮಾರು ಏಳು ಮೀಟರು ಉದ್ದ. ೧೫೫ರದು ಸುಮಾರು ಎರಡು ಮೀಟರು. ೮೫೧ರದು ಒಂದು ಮೊಳಕ್ಕೂ ಕಡಮೆ. ಉದ್ದನೆಯ ಅಲೆ ಗುಡ್ಡಗಳನ್ನು ತಕ್ಕಮಟ್ಟಿಗೆ ಬಳಸಿ ಸಾಗುತ್ತದೆ. ಕಿರಿಯ ಅಲೆ ಬೆಟ್ಟದ ಮರೆಯಲ್ಲಿ ಸೋಲುತ್ತದೆ, ಆದರೆ ನಗರದ ಕಟ್ಟಡಗಳೊಳಗೆ ಹೆಚ್ಚು ಚೆನ್ನಾಗಿ ನುಸುಳುತ್ತದೆ. ಕ್ಯಾಲಿಫೋರ್ನಿಯದ ಹೆದ್ದಾರಿ ಪೋಲೀಸರು ದಶಕಗಳ ಕಾಲ ೪೨ ಮೆಗಾಹರ್ಟ್ಸಿನ ಸುತ್ತಿನ ಅಲೆಗಳನ್ನೇ ನೆಚ್ಚಿಕೊಂಡುದಕ್ಕೂ, ದೊಡ್ಡ ನಗರಗಳು ೪೫೦ಕ್ಕೂ ೮೦೦ಕ್ಕೂ ಏರಿದುದಕ್ಕೂ ಇದು ಒಂದು ಕಾರಣ.

ಪೋಲೀಸು ರೇಡಿಯೋ ಹುಟ್ಟಿದ ಕಥೆಯೇ ಈ ಬಯಲುತನದ ಮೂಲವನ್ನು ತೋರಿಸುತ್ತದೆ. ೧೯೨೦ರ ದಶಕದ ಮೊದಲಲ್ಲಿ ಡೆಟ್ರಾಯಿಟ್ ನಗರದ ಪೋಲೀಸರು ಕೆ.ಓ.ಪಿ. ಎಂಬ ಕರೆಹೆಸರಿನಿಂದ ಪ್ರಯೋಗ ನಡೆಸಿದರು. ಸರ್ಕಾರವು ಅವರಿಗೆ ಮನರಂಜನೆಯ ಕೇಂದ್ರವೆಂದು ಲೈಸೆನ್ಸು ಕೊಟ್ಟಿದ್ದ ಕಾರಣ, ಸಂಗೀತದ ನಡುನಡುವೆ ಕಳುವಾದ ಕಾರುಗಳ ವಿವರವನ್ನು ಸಾರಬೇಕಾಗಿತ್ತು! ೧೯೨೮ರಲ್ಲಿ ಅದೇ ನಗರದಲ್ಲಿ ವ್ಯವಸ್ಥಿತವಾದ ಪೋಲೀಸು ಪ್ರಸಾರ ಆರಂಭವಾಯಿತು. ಗಸ್ತಿನ ಕಾರು ಕೇಳಬಹುದಾಗಿತ್ತೇ ಹೊರತು ಉತ್ತರ ಕೊಡುವಂತಿರಲಿಲ್ಲ. ೧೯೩೩ರಲ್ಲಿ ನ್ಯೂಜರ್ಸಿಯ ಬೇಯೋನ್ ಪಟ್ಟಣವು ಕಾರಿನಿಂದಲೂ ಮಾತಾಡುವ ಏರ್ಪಾಡನ್ನು ಮಾಡಿತು. ೧೯೪೦ರ ಹೊತ್ತಿಗೆ ಕನೆಕ್ಟಿಕಟ್ ರಾಜ್ಯದ ಪೋಲೀಸರು ಪ್ರಾಧ್ಯಾಪಕ ಡೇನಿಯಲ್ ನೋಬಲ್ ಅವರ ನೆರವಿನಿಂದ ಇಡೀ ರಾಜ್ಯಕ್ಕೆ ಎಫ್.ಎಂ. ಪದ್ಧತಿಯನ್ನು ಅಳವಡಿಸಿಕೊಂಡರು. ಮೊದಮೊದಲ ಪೋಲೀಸು ಪ್ರಸಾರಗಳು ಸಾಮಾನ್ಯ ರೇಡಿಯೋ ನಿಲಯಗಳ ಪಕ್ಕದ ಕಂಪನಾಂಕಗಳಲ್ಲೇ ಇದ್ದುದರಿಂದ, ೧೯೩೦ರ ದಶಕದ ಅನೇಕ ಮನೆಯ ರೇಡಿಯೋಗಳ ಫಲಕದ ಮೇಲೆ 'ಪೋಲೀಸು' ಎಂಬ ಗುರುತೇ ಅಚ್ಚಾಗಿರುತ್ತಿತ್ತು. ಹೀಗೆ ಜನರು ಕದ್ದು ಕೇಳುವ ಚಪಲದಿಂದ ಈ ರೂಢಿಗೆ ಬಿದ್ದವರಲ್ಲ. ಆ ವಾಣಿ ತಾನಾಗಿ ಅವರ ನಡುಮನೆಗೆ ಬಂದಿತ್ತು.

ದಳಗಳು ಮೇಲಿನ ಕಂಪನಾಂಕಗಳಿಗೆ ಹೋದ ಮೇಲೆ ಪ್ರತ್ಯೇಕವಾದ ಗ್ರಾಹಕ ಬೇಕಾಯಿತು. ಹತ್ತಾರು ಕಂಪನಾಂಕಗಳನ್ನು ಒಂದಾದ ಮೇಲೊಂದರಂತೆ ಕ್ಷಣಮಾತ್ರದಲ್ಲಿ ತಡವಿನೋಡಿ, ಎಲ್ಲಿ ಮಾತು ನಡೆದಿದೆಯೋ ಅಲ್ಲಿ ನಿಲ್ಲುವ ಯಂತ್ರವೇ ಸ್ಕ್ಯಾನರು. ಆರಂಭದ ಸ್ಕ್ಯಾನರುಗಳಲ್ಲಿ ಒಂದೊಂದು ಕಂಪನಾಂಕಕ್ಕೂ ಒಂದೊಂದು ಸ್ಫಟಿಕವನ್ನು ಕೊಂಡು ಹಾಕಬೇಕಾಗಿತ್ತು. ಪ್ರವಾಸಿಗೆ ಅದು ನಿರುಪಯೋಗಿ. ೧೯೭೦ರ ದಶಕದ ಕೊನೆಯ ಭಾಗದಲ್ಲಿ ಗುಂಡಿಗಳನ್ನೊತ್ತಿ ಬೇಕಾದ ಅಂಕಿಯನ್ನು ತುಂಬುವ ಸ್ಕ್ಯಾನರು ಬಂದಿತು. ಅಲ್ಲಿಂದ ಮುಂದೆ ಊರೂರಿಗೆ ಯಂತ್ರವನ್ನು ಹೊಂದಿಸಿಕೊಳ್ಳುವುದು ಸಾಧ್ಯವಾಯಿತು. ಉಳಿದ ಪ್ರಶ್ನೆ, ಯಾವ ಅಂಕಿಯನ್ನು ತುಂಬುವುದು ಎಂಬುದು.

೩

ಕಂಪನಾಂಕಗಳು ನೆಲದಂತೆಯೇ ಮಿತವಾದ ಸಾರ್ವಜನಿಕ ಸ್ವತ್ತು. ಒಂದೇ ಕಂಪನಾಂಕದಲ್ಲಿ ಇಬ್ಬರು ಒಂದೇ ಪ್ರದೇಶದಲ್ಲಿ ಮಾತಾಡಿದರೆ ಇಬ್ಬರ ಮಾತೂ ಕೆಡುತ್ತದೆ. ಆದಕಾರಣ ಯಾರಿಗೆ ಯಾವುದು ಸಲ್ಲುತ್ತದೆಂಬುದಕ್ಕೆ ದಫ್ತರ ಬೇಕಾಗುತ್ತದೆ. ಅಮೆರಿಕದಲ್ಲಿ ೧೯೩೪ರಲ್ಲಿ ಸ್ಥಾಪಿತವಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಸಂಕ್ಷೇಪದಲ್ಲಿ ಎಫ್.ಸಿ.ಸಿ., ಈ ದಫ್ತರವನ್ನಿಡುತ್ತದೆ. ರಾಜ್ಯ, ಕೌಂಟಿ, ಪಟ್ಟಣಗಳ ಪೋಲೀಸು ಮತ್ತು ಅಗ್ನಿಶಾಮಕ ದಳಗಳೆಲ್ಲ ಇದರಿಂದ ಲೈಸೆನ್ಸು ಪಡೆಯಬೇಕು; ಆ ಲೈಸೆನ್ಸುಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಹಳ್ಳಿಯ ಪಹಣಿ ಪತ್ರದಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಹಿಡುವಳಿದಾರನ ಹೆಸರು ಇರುವಂತೆ, ಇಲ್ಲಿ ಕರೆಹೆಸರು, ಕಂಪನಾಂಕ, ಪ್ರೇಷಕ ಗೋಪುರದ ಅಕ್ಷಾಂಶ–ರೇಖಾಂಶ, ಬಳಸುವ ಪ್ರದೇಶ, ಎಲ್ಲವೂ ದಾಖಲಾಗಿರುತ್ತವೆ.

ಪಹಣಿಯನ್ನು ಓದಲು ಅಭ್ಯಾಸ ಬೇಕಾಗುವಂತೆ ಇದಕ್ಕೂ ಬೇಕು. ಹುಡುಕುವಾಗ ಕೌಂಟಿಯ ಹೆಸರಿನೊಡನೆ 'ಪಿ.ಡಬ್ಲ್ಯು.' ಎಂಬ ವರ್ಗಸಂಕೇತವನ್ನು ಕೊಟ್ಟರೆ ಸಾರ್ವಜನಿಕ ರಕ್ಷಣೆಯ ಸಾಮಾನ್ಯ ಲೈಸೆನ್ಸುಗಳು ಮಾತ್ರ ಬರುತ್ತವೆ. ಪ್ರತಿ ಕಂಪನಾಂಕದ ಮುಂದೆ ಪ್ರಸಾರದ ಬಗೆಯನ್ನು ತಿಳಿಸುವ ಸಂಕೇತವೊಂದಿರುತ್ತದೆ. ಅದರ ಮೊದಲ ಭಾಗ ಅಲೆಪಟ್ಟಿಯ ಅಗಲ. ಕೊನೆಯ ಭಾಗ 'ಎಫ್-೩-ಇ' ಎಂದಿದ್ದರೆ ಹಳೆಯ ಎಫ್.ಎಂ. ಮಾತು, 'ಎಫ್-೧-ಇ' ಎಂದಿದ್ದರೆ ಅಂಕಿಗಳಾಗಿ ಮಾರ್ಪಟ್ಟ ಡಿಜಿಟಲ್ ಮಾತು. ಇದೊಂದನ್ನು ನೋಡಿದರೆ ತನ್ನಲ್ಲಿರುವ ಸಾದಾ ಸ್ಕ್ಯಾನರು ಸಾಕೋ, ಬೆಲೆ ಹೆಚ್ಚಿನ ಡಿಜಿಟಲ್ ಸ್ಕ್ಯಾನರು ಬೇಕೋ ಎಂಬುದು ಮನೆ ಬಿಡುವ ಮೊದಲೇ ತಿಳಿಯುತ್ತದೆ.

ಈ ದಫ್ತರಕ್ಕೆ ಎರಡು ಕೊರತೆಗಳಿವೆ. ಮೊದಲನೆಯದು: ಕೇಂದ್ರ ಸರ್ಕಾರದ ಇಲಾಖೆಗಳ ಕಂಪನಾಂಕಗಳು ಇದರಲ್ಲಿ ಸೇರಿಲ್ಲ. ಅವುಗಳ ಹಂಚಿಕೆ ಎನ್.ಟಿ.ಐ.ಎ. ಎಂಬ ಬೇರೆ ಸಂಸ್ಥೆಯದು; ಅದು ಇಂತಹ ಬಿಡಿ ಪಟ್ಟಿಯನ್ನು ಜನರ ಮುಂದಿಡುವುದಿಲ್ಲ. ರಾಷ್ಟ್ರೀಯ ಉದ್ಯಾನಗಳು, ಅರಣ್ಯ ಸೇವೆ, ಕರಾವಳಿ ರಕ್ಷಣಾ ಪಡೆ ಎಲ್ಲವೂ ಕೇಂದ್ರದವು. ಪ್ರವಾಸಿಗಳು ಹೆಚ್ಚಾಗಿ ಹೋಗುವ ತಾಣಗಳೇ ಎಫ್.ಸಿ.ಸಿ. ದಫ್ತರದಲ್ಲಿ ಕಾಣದಿರುವುದಕ್ಕೆ ಇದೇ ಕಾರಣ. ಎರಡನೆಯದು: ಲೈಸೆನ್ಸು ಅನುಮತಿಯನ್ನು ಹೇಳುತ್ತದೆ, ಬಳಕೆಯನ್ನು ಹೇಳುವುದಿಲ್ಲ. ಹತ್ತು ಕಂಪನಾಂಕಗಳಿಗೆ ಅನುಮತಿ ಪಡೆದ ಪಟ್ಟಣ ಮೂರನ್ನೇ ಬಳಸುತ್ತಿರಬಹುದು. ಯಾವುದು ಬೆಂಕಿಗೆ, ಯಾವುದು ರಸ್ತೆ ದುರಸ್ತಿಗೆ ಎಂಬುದು ಅದರಿಂದ ತಿಳಿಯದು.

ಈ ಕೊರತೆಯನ್ನು ತುಂಬಿದವರು ಹವ್ಯಾಸಿಗಳು. ೧೯೬೦ರ ದಶಕದಿಂದ ೨೦೦೫ರವರೆಗೆ ಪ್ರಕಟವಾಗುತ್ತಿದ್ದ 'ಪೋಲೀಸ್ ಕಾಲ್' ಎಂಬ ಕೈಪಿಡಿ ಒಂದು ಪೀಳಿಗೆಯ ಪ್ರವಾಸಿಗಳ ಕಾರಿನಲ್ಲಿ ಭೂಪಟದ ಪಕ್ಕದಲ್ಲೇ ಇರುತ್ತಿತ್ತು. ಇಂದು ಆ ಸ್ಥಾನವನ್ನು 'ರೇಡಿಯೋ ರೆಫರೆನ್ಸ್' ಎಂಬ ಜಾಲಸಂಗ್ರಹ ಪಡೆದಿದೆ. ರಾಜ್ಯ, ಕೌಂಟಿ, ಊರು ಎಂಬ ಕ್ರಮದಲ್ಲಿ, ತಾವು ಕಿವಿಯಾರೆ ಕೇಳಿ ಖಚಿತಪಡಿಸಿಕೊಂಡ ಬಳಕೆಯನ್ನು ಹವ್ಯಾಸಿಗಳು ಅಲ್ಲಿ ನಮೂದಿಸುತ್ತಾರೆ. ಕೆಲವು ಸ್ಕ್ಯಾನರುಗಳು ಇದೇ ಸಂಗ್ರಹವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಅಂಚೆಯ ಜಿಪ್ ಸಂಖ್ಯೆಯನ್ನು ಕೊಟ್ಟೊಡನೆ ಆ ಸ್ಥಳದ ಪಟ್ಟಿಯನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಲೆಕ್ಕಪತ್ರ ಬಲ್ಲವರು ಖಾತೆಯನ್ನೂ ರಸೀತಿಯನ್ನೂ ಒಂದಕ್ಕೊಂದು ತಾಳೆನೋಡುವಂತೆ, ಲೈಸೆನ್ಸಿನ ದಫ್ತರವನ್ನೂ ಹವ್ಯಾಸಿಗಳ ಪಟ್ಟಿಯನ್ನೂ ತಾಳೆನೋಡುವುದು ವಿವೇಕ.

೪

ಕಂಪನಾಂಕ ತಿಳಿದಮಾತ್ರಕ್ಕೆ ಮಾತು ಕೇಳಿಸುತ್ತಿದ್ದ ಕಾಲ ಬಹುಮಟ್ಟಿಗೆ ಕಳೆದಿದೆ. ಇದಕ್ಕೆ ಮೊದಲ ಕಾರಣ ಟ್ರಂಕಿಂಗ್ ಎಂಬ ವ್ಯವಸ್ಥೆ. ಬ್ಯಾಂಕಿನ ಉದಾಹರಣೆಯಿಂದ ಅದನ್ನು ಸುಲಭವಾಗಿ ಗ್ರಹಿಸಬಹುದು. ಹಿಂದೆ ಒಂದೊಂದು ಕೌಂಟರಿನ ಮುಂದೆ ಒಂದೊಂದು ಸಾಲು ನಿಲ್ಲುತ್ತಿತ್ತು. ಒಂದು ಸಾಲು ಬೆಳೆಯುತ್ತಿರುವಾಗ ಪಕ್ಕದ ಕೌಂಟರು ಬರಿದಾಗಿರುತ್ತಿತ್ತು. ಟೋಕನು ಪದ್ಧತಿಯಲ್ಲಿ ಎಲ್ಲರೂ ಒಂದೇ ಕಡೆ ಕಾಯುತ್ತಾರೆ. ಯಾವ ಕೌಂಟರು ತೆರವಾಯಿತೋ ಅಲ್ಲಿಗೆ ಮುಂದಿನ ಸಂಖ್ಯೆಯನ್ನು ಕರೆಯುತ್ತಾರೆ. ಟ್ರಂಕಿಂಗ್ ವ್ಯವಸ್ಥೆಯಲ್ಲಿ ಪೋಲೀಸು, ಅಗ್ನಿಶಾಮಕ, ಆಂಬುಲೆನ್ಸುಗಳಿಗೆ ಬೇರೆಬೇರೆ ಕಂಪನಾಂಕಗಳಿಲ್ಲ. ಎಲ್ಲರಿಗೂ ಸೇರಿ ಹತ್ತಿಪ್ಪತ್ತು ಕಂಪನಾಂಕಗಳ ಒಂದು ರಾಶಿ. ಒಂದೊಂದು ಬಳಗಕ್ಕೂ 'ಟಾಕ್‌ಗ್ರೂಪ್' ಎಂಬ ಸಂಖ್ಯೆಯುಂಟು. ಯಾರಾದರೂ ಮಾತಾಡಲು ಗುಂಡಿಯೊತ್ತಿದಾಗ ನಿಯಂತ್ರಣ ಕಂಪನಾಂಕದಲ್ಲಿ ಕುಳಿತ ಗಣಕವು ಇಂತಹ ಬಳಗ ಇಂತಹ ಕಂಪನಾಂಕಕ್ಕೆ ಹೋಗಲಿ ಎಂದು ಆಜ್ಞಾಪಿಸುತ್ತದೆ. ಮರುಕ್ಷಣದ ಉತ್ತರ ಬೇರೊಂದು ಕಂಪನಾಂಕದಲ್ಲಿ ಬರಬಹುದು. ಆದುದರಿಂದ ಇಲ್ಲಿ ಹುಡುಕಬೇಕಾದುದು ನಿಯಂತ್ರಣ ಕಂಪನಾಂಕವನ್ನೂ ಟಾಕ್‌ಗ್ರೂಪಿನ ಸಂಖ್ಯೆಯನ್ನೂ. ಟ್ರಂಕಿಂಗ್ ಅರಿತ ಸ್ಕ್ಯಾನರು ಇವೆರಡರ ಬಲದಿಂದ ಮಾತನ್ನು ಬೆನ್ನಟ್ಟುತ್ತದೆ. ಮಿಷಿಗನ್ ಮೊದಲಾದ ರಾಜ್ಯಗಳು ಇಡೀ ರಾಜ್ಯಕ್ಕೆ ಇಂತಹ ಒಂದೇ ವ್ಯವಸ್ಥೆಯನ್ನು ಕಟ್ಟಿವೆ. ಅದು ಪ್ರವಾಸಿಗೆ ಒಂದು ಅನುಕೂಲವೇ ಸರಿ.

ಎರಡನೆಯದು ಡಿಜಿಟಲ್ ಮಾತು. ಅಮೆರಿಕದ ರಕ್ಷಣಾ ದಳಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 'ಪ್ರಾಜೆಕ್ಟ್ ೨೫' ಎಂಬ ಮಾದರಿ. ಸಾದಾ ಸ್ಕ್ಯಾನರಿನಲ್ಲಿ ಅದು ಬರಿಯ ಗರಗರ ಸದ್ದಾಗಿ ಕೇಳುತ್ತದೆ. ತಕ್ಕ ಯಂತ್ರವಿದ್ದರೂ ಇನ್ನೊಂದು ತೊಡಕುಂಟು: ಒಂದೇ ಮಾತನ್ನು ಅನೇಕ ಗೋಪುರಗಳು ಏಕಕಾಲದಲ್ಲಿ ಸಾರಿದಾಗ, ಅತಿ ಅಲ್ಪ ಅಂತರದಲ್ಲಿ ಬಂದ ಅಲೆಗಳು ಒಂದರ ಮೇಲೊಂದು ಬಿದ್ದು ಸ್ಕ್ಯಾನರನ್ನು ತಬ್ಬಿಬ್ಬುಗೊಳಿಸುತ್ತವೆ. ಗೋಪುರಕ್ಕೆ ಹತ್ತಿರವಾಗಿದ್ದೂ ಮಾತು ತುಂಡುತುಂಡಾಗುವುದಕ್ಕೆ ಇದು ಕಾರಣ. ಕೆಲವು ಹೆಜ್ಜೆ ಸ್ಥಳ ಬದಲಿಸುವುದರಿಂದಲೋ ಏರಿಯಲನ್ನು ಕಿರಿದುಮಾಡುವುದರಿಂದಲೋ ಕೆಲವೊಮ್ಮೆ ಸರಿಹೋಗುತ್ತದೆ.

ಮೂರನೆಯದು ಗುಪ್ತೀಕರಣ. ಮಾತನ್ನು ಬೀಗ ಹಾಕಿ ಕಳುಹಿಸಿ, ಬೀಗದ ಕೈಯನ್ನು ದಳದ ಯಂತ್ರಗಳಲ್ಲಿ ಮಾತ್ರ ಇಡುವುದು ಈ ಪದ್ಧತಿ. ಇದನ್ನು ಭೇದಿಸುವ ಸ್ಕ್ಯಾನರು ಮಾರುಕಟ್ಟೆಯಲ್ಲಿಲ್ಲ. ಭೇದಿಸಲು ಯತ್ನಿಸುವುದು ಅಪರಾಧವೂ ಹೌದು. ಪಟ್ಟಿಯಲ್ಲಿ ಗುಪ್ತವೆಂದು ಗುರುತಾದ ಟಾಕ್‌ಗ್ರೂಪಿನ ಹಿಂದೆ ಬೀಳುವುದು ವ್ಯರ್ಥ.

೫

ಪ್ರವಾಸದ ಸಿದ್ಧತೆ ಹೇಗಿರಬೇಕೆಂಬುದನ್ನು ಒಂದು ಹಾದಿಯಿಂದ ತೋರಿಸಬಹುದು. ಮಕ್ಕಳ ಮನೆಗೆಂದು ಕ್ಯಾಲಿಫೋರ್ನಿಯಕ್ಕೆ ಹೋದ ಕನ್ನಡಿಗರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಯೋಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬರುವವರು ಹಲವರು. ಓಕ್‌ಡೇಲಿನ ಮೇಲೆ ಹೋಗುವ ದಾರಿಯಲ್ಲಿ ಆಲಮೀಡ, ಸ್ಯಾನ್ ವಾಕೀನ್, ಸ್ಟಾನಿಸ್ಲಾಸ್, ಟುವಾಲಮಿ, ಮರಿಪೋಸ ಎಂಬ ಕೌಂಟಿಗಳು ಸಿಗುತ್ತವೆ. ಕಂಪನಾಂಕಗಳ ಹಂಚಿಕೆ ಕೌಂಟಿಯನ್ನು ಅನುಸರಿಸುವುದರಿಂದ, ಊರುಗಳ ಪಟ್ಟಿಗಿಂತ ಕೌಂಟಿಗಳ ಪಟ್ಟಿ ಮೊದಲು ಬೇಕು. ಹಾದಿಯಲ್ಲಿ ಸಿಗುವ ಕ್ರಮದಲ್ಲೇ ಒಂದೊಂದು ಕೌಂಟಿಯನ್ನು ಸ್ಕ್ಯಾನರಿನ ಒಂದೊಂದು ವಿಭಾಗದಲ್ಲಿ ತುಂಬಿಕೊಂಡರೆ, ಗಡಿ ದಾಟಿದಂತೆ ಹಿಂದಿನದನ್ನು ಮುಚ್ಚಿ ಮುಂದಿನದನ್ನು ತೆರೆಯಬಹುದು.

ಸ್ಯಾನ್ ಫ್ರಾನ್ಸಿಸ್ಕೋ ಪೋಲೀಸರು ೨೦೨೧ರಲ್ಲಿ ತಮ್ಮ ಮಾತಿನ ಬಹುಭಾಗವನ್ನು ಗುಪ್ತಗೊಳಿಸಿದರು. ಆಲಮೀಡದಲ್ಲಿರುವುದು ನೆರೆಯ ಕಾಂಟ್ರ ಕಾಸ್ಟದೊಡನೆ ಹಂಚಿಕೊಂಡ ಟ್ರಂಕಿಂಗ್ ವ್ಯವಸ್ಥೆ. ಬೆಟ್ಟದ ಬುಡ ಸಮೀಪಿಸಿದಂತೆ ಚಿತ್ರ ಬದಲಾಗುತ್ತದೆ: ಅಲ್ಲಿ ಕಾಡುಗಿಚ್ಚನ್ನು ಎದುರಿಸುವ ರಾಜ್ಯದ ದಳ ಎರಡು ಮೀಟರಿನ ಸುತ್ತಿನ ಅಲೆಗಳನ್ನು, ಸಾದಾ ಎಫ್.ಎಂ. ರೀತಿಯಲ್ಲಿ ಬಳಸುತ್ತ ಬಂದಿದೆ. ಬೇರೆಬೇರೆ ಕಡೆಗಳಿಂದ ಬಂದ ನೂರಾರು ವಾಹನಗಳು ಒಂದೇ ಬೆಂಕಿಯಲ್ಲಿ ಕೂಡಿ ದುಡಿಯಬೇಕಾದುದರಿಂದ ಎಲ್ಲರ ಯಂತ್ರಕ್ಕೂ ನಿಲುಕುವ ಸರಳ ರೀತಿಯೇ ಅಲ್ಲಿ ಉಳಿದುಕೊಂಡಿತು. ಉದ್ಯಾನದೊಳಗೆ ಹೊಕ್ಕ ಮೇಲೆ ಕೇಂದ್ರದ ವ್ಯಾಪ್ತಿ. ಲೈಸೆನ್ಸಿನ ದಫ್ತರವನ್ನು ಮುಚ್ಚಿಟ್ಟು ಹವ್ಯಾಸಿಗಳ ಪಟ್ಟಿಯನ್ನು ತೆರೆಯಬೇಕು. ಬೆಟ್ಟದಲ್ಲಿ ಜಾಲಸಂಪರ್ಕ ಸಿಗುವ ಭರವಸೆಯಿಲ್ಲ. ಎಲ್ಲವನ್ನೂ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡವನು ಜಾಣ.

ಯಾವ ಕೌಂಟಿಗೆ ಹೋದರೂ ಬದಲಾಗದ ಕೆಲವು ಕಂಪನಾಂಕಗಳಿವೆ. ಅವನ್ನು ಶಾಶ್ವತವಾಗಿ ತುಂಬಿಡಬೇಕು. ೨೦೦೧ರ ಸೆಪ್ಟೆಂಬರ್ ೧೧ರಂದು ನ್ಯೂಯಾರ್ಕಿನಲ್ಲಿ ಪೋಲೀಸು ಹೆಲಿಕಾಪ್ಟರಿನವರು ಕೊಟ್ಟ ಎಚ್ಚರಿಕೆ ಗೋಪುರದೊಳಗಿದ್ದ ಅಗ್ನಿಶಾಮಕರಿಗೆ ತಲುಪಲಿಲ್ಲ; ಎರಡು ದಳಗಳ ರೇಡಿಯೋಗಳಿಗೆ ಪರಸ್ಪರ ಸಂಪರ್ಕವಿರಲಿಲ್ಲ. ಆ ದಿನ ೩೪೩ ಮಂದಿ ಅಗ್ನಿಶಾಮಕರು ಮಡಿದರು. ಭಿನ್ನ ದಳಗಳು ಒಂದೆಡೆ ಸೇರಿ ಮಾತಾಡಲು ದೇಶಕ್ಕೆಲ್ಲ ಸಮಾನವಾದ ಕಂಪನಾಂಕಗಳು ಎಷ್ಟು ಅಗತ್ಯವೆಂಬುದು ಇದರಿಂದ ಎಲ್ಲರಿಗೂ ಮನದಟ್ಟಾಯಿತು. ೧೫೪.೨೮೦ ಮೆಗಾಹರ್ಟ್ಸ್ ಅಗ್ನಿಶಾಮಕರಿಗೆ, ೧೫೫.೪೭೫ ಪೋಲೀಸರಿಗೆ, ೧೫೫.೩೪೦ ಆಂಬುಲೆನ್ಸು ಮತ್ತು ಆಸ್ಪತ್ರೆಗಳಿಗೆ, ೧೫೫.೧೬೦ ಕಳೆದುಹೋದವರನ್ನು ಹುಡುಕುವ ತಂಡಗಳಿಗೆ ಸಲ್ಲುತ್ತವೆ. ೧೬೮.೬೨೫ ಕಾಡುಗಿಚ್ಚಿನ ಮೇಲೆ ಹಾರುವ ವಿಮಾನಗಳ ತುರ್ತು ಕಂಪನಾಂಕ.

ಇವೆಲ್ಲಕ್ಕಿಂತಲೂ ಪ್ರವಾಸಿಗೆ ಹೆಚ್ಚು ಉಪಕಾರಿಯಾದುದು ಹವಾಮಾನ ರೇಡಿಯೋ. ೧೬೨.೪೦೦ರಿಂದ ೧೬೨.೫೫೦ ಮೆಗಾಹರ್ಟ್ಸಿನವರೆಗೆ ೨೫ ಕಿಲೋಹರ್ಟ್ಸಿನ ಅಂತರದಲ್ಲಿ ಏಳೇ ಏಳು ಕಂಪನಾಂಕಗಳು. ಸಾವಿರಕ್ಕೂ ಮಿಕ್ಕ ಪ್ರೇಷಕಗಳು. ಬಿರುಗಾಳಿ, ಪ್ರವಾಹ, ಬೆಂಕಿಗಳ ಎಚ್ಚರಿಕೆಯನ್ನು ಕೌಂಟಿಯ ಹೆಸರು ಹೇಳಿ ಸಾರುವ ಈ ಪ್ರಸಾರ ಎಲ್ಲರೂ ಕೇಳಲೆಂದೇ ಇರುವುದು. ಕಡಲಲ್ಲಿ ೧೫೬.೮, ಅಂದರೆ ಹದಿನಾರನೆಯ ಚಾನೆಲು, ಆಪತ್ತಿನ ಕರೆಗೆ ಜಗತ್ತಿನಾದ್ಯಂತ ಮೀಸಲು. ಕಾರವಾರದಿಂದ ಮಂಗಳೂರಿನವರೆಗಿನ ಅರಬ್ಬೀ ಸಮುದ್ರದಲ್ಲಿಯೂ ಅದೇ. ಆಕಾಶದಲ್ಲಿ ೧೨೧.೫. ಈ ಕಂಪನಾಂಕವನ್ನು ಉಪಗ್ರಹಗಳು ಆಲಿಸುವುದು ೨೦೦೯ರಲ್ಲಿ ನಿಂತು, ಸಂಕಟಸೂಚಕ ಯಂತ್ರಗಳು ೪೦೬ ಮೆಗಾಹರ್ಟ್ಸಿಗೆ ಬದಲಾದುವಾದರೂ, ವಿಮಾನ ಚಾಲಕರ ಆಪತ್ತಿನ ಮಾತಿಗೆ ೧೨೧.೫ ಇಂದಿಗೂ ಉಳಿದಿದ್ದೇ ಇದೆ.

೬

ಮೂರನೆಯ ಪ್ರಶ್ನೆ ಕಾಯಿದೆಯದು. ಯಂತ್ರ ಕೇಳಿಸಿತೆಂಬ ಮಾತ್ರಕ್ಕೆ ಕೇಳುವ ಹಕ್ಕು ಹುಟ್ಟುವುದಿಲ್ಲ.

ಅಮೆರಿಕದ ಕೇಂದ್ರ ಕಾಯಿದೆ ತಕ್ಕಮಟ್ಟಿಗೆ ಉದಾರವಾದುದು. ಗುಪ್ತಗೊಳಿಸದ ಪೋಲೀಸು, ಅಗ್ನಿಶಾಮಕ ಮಾತನ್ನು ಕೇಳುವುದನ್ನು ೧೯೮೬ರ ವಿದ್ಯುನ್ಮಾನ ಸಂಪರ್ಕ ಕಾಯಿದೆ ನಿಷೇಧಿಸುವುದಿಲ್ಲ. ಆದರೆ ಕೇಳಿದುದನ್ನು ಸ್ವಂತ ಲಾಭಕ್ಕೆ ಬಳಸಿಕೊಳ್ಳಬಾರದೆಂಬ ಕಟ್ಟು ೧೯೩೪ರಿಂದಲೂ ಉಂಟು. ಮೊಬೈಲು ದೂರವಾಣಿಯ ಮಾತನ್ನು ಕೇಳುವುದು ಪೂರ್ತಿಯಾಗಿ ನಿಷಿದ್ಧ. ೧೯೯೪ರ ಏಪ್ರಿಲ್ಲಿನಿಂದೀಚೆಗೆ ಅದನ್ನು ಹಿಡಿಯಬಲ್ಲ ಸ್ಕ್ಯಾನರುಗಳ ತಯಾರಿಕೆಯೂ ಆಮದೂ ನಿಂತಿತು. ೧೯೯೬ರ ಡಿಸೆಂಬರಿನಲ್ಲಿ ಫ್ಲಾರಿಡದ ದಂಪತಿಗಳು ತಮ್ಮ ಸ್ಕ್ಯಾನರಿನಲ್ಲಿ ಪ್ರತಿನಿಧಿ ಸಭೆಯ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಮತ್ತು ಅವರ ಪಕ್ಷದ ಮುಖಂಡರ ದೂರವಾಣಿ ಸಂಭಾಷಣೆಯನ್ನು ಹಿಡಿದು, ಮುದ್ರಿಸಿ, ಎದುರು ಪಕ್ಷದವರ ಕೈಗೆ ಕೊಟ್ಟರು. ಅವರಿಬ್ಬರೂ ತಪ್ಪೊಪ್ಪಿಕೊಂಡು ತಲಾ ೫೦೦ ಡಾಲರು ದಂಡ ತೆತ್ತರು. ಆ ಮುದ್ರಣದ ಕುರಿತ ವ್ಯಾಜ್ಯ ಮುಖಂಡರ ನಡುವೆ ಅನಂತರವೂ ವರ್ಷಗಟ್ಟಲೆ ನಡೆಯಿತು.

ರಾಜ್ಯಗಳ ಕಾಯಿದೆಗಳಲ್ಲಿ ಏಕರೂಪತೆಯಿಲ್ಲ. ನ್ಯೂಯಾರ್ಕ್, ಫ್ಲಾರಿಡ, ಇಂಡಿಯಾನ, ಕೆಂಟಕಿ, ಮಿನ್ನೆಸೋಟ ರಾಜ್ಯಗಳು ಕಾರಿನಲ್ಲಿ ಅಥವಾ ಮನೆಯಿಂದಾಚೆ ಪೋಲೀಸು ಕಂಪನಾಂಕ ಹಿಡಿಯುವ ಯಂತ್ರವನ್ನಿಡುವುದಕ್ಕೆ ಒಂದೊಂದು ಬಗೆಯ ನಿರ್ಬಂಧ ಹಾಕಿವೆ. ಲೈಸೆನ್ಸು ಪಡೆದ ಹವ್ಯಾಸಿ ರೇಡಿಯೋದವರಿಗೆ ಸಾಮಾನ್ಯವಾಗಿ ವಿನಾಯಿತಿಯುಂಟು. ಮನೆಯಲ್ಲಿ ನಿರಾತಂಕವಾಗಿ ಕೇಳುತ್ತಿದ್ದವನು ಅದೇ ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ರಾಜ್ಯದ ಗಡಿ ದಾಟಿದೊಡನೆ ತಪ್ಪಿತಸ್ಥನಾಗಬಹುದು. ಹಾದಿಯ ಕೌಂಟಿಗಳ ಪಟ್ಟಿಯೊಡನೆ ಹಾದಿಯ ರಾಜ್ಯಗಳ ಕಾಯಿದೆಯನ್ನೂ ನೋಡಿಕೊಳ್ಳಬೇಕೆಂಬುದು ಇದರಿಂದ ಸ್ಪಷ್ಟ.

ಅಮೆರಿಕದಿಂದಾಚೆ ಈ ಔದಾರ್ಯವನ್ನು ನಿರೀಕ್ಷಿಸಬಾರದು. ಬ್ರಿಟನ್ನಿನಲ್ಲಿ ಸ್ಕ್ಯಾನರನ್ನು ಕೊಳ್ಳುವುದೂ ಇಟ್ಟುಕೊಳ್ಳುವುದೂ ತಪ್ಪಲ್ಲ. ಆದರೆ ತನಗೆ ಉದ್ದೇಶಿಸದ ಸಂದೇಶವನ್ನು ಕೇಳುವುದು ೨೦೦೬ರ ಕಾಯಿದೆಯ ಪ್ರಕಾರ ಅಪರಾಧ. ಭಾರತದ ಸ್ಥಿತಿ ಇದಕ್ಕಿಂತ ಬಿಗಿಯಾದುದು. ೧೯೩೩ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆ ಲೈಸೆನ್ಸಿಲ್ಲದೆ ನಿಸ್ತಂತು ಯಂತ್ರವನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ೧೯೮೦ರ ದಶಕದವರೆಗೆ ಮನೆಯ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸು ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದುದನ್ನು ಹಿರಿಯರು ಮರೆತಿರಲಾರರು. ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿದ ದೂರಸಂಪರ್ಕ ಕಾಯಿದೆಯೂ ರೇಡಿಯೋ ಉಪಕರಣವನ್ನು ಹೊಂದಲು ಅನುಮತಿ ಬೇಕೆಂಬ ತತ್ತ್ವವನ್ನು ಉಳಿಸಿಕೊಂಡಿದೆ. ಸಂದೇಶವನ್ನು ಅಕ್ರಮವಾಗಿ ಹಿಡಿಯುವುದನ್ನು ಶಿಕ್ಷಾರ್ಹವೆಂದು ವಿಧಿಸಿದೆ. ಅಮೆರಿಕದ ಅಂಗಡಿಯಲ್ಲಿ ಆಟಿಕೆಯಂತೆ ಮಾರಾಟವಾಗುವ ಸ್ಕ್ಯಾನರನ್ನು ನೆನಪಿನ ಕಾಣಿಕೆಯೆಂದು ಪೆಟ್ಟಿಗೆಯಲ್ಲಿಟ್ಟು ತರುವುದು ಆದಕಾರಣ ಅವಿವೇಕ.

೭

ಕಾಯಿದೆ ಕೇಳಲು ಬಿಟ್ಟ ಕಡೆಗಳಲ್ಲಿಯೂ ಗುಪ್ತೀಕರಣ ಆ ಹಕ್ಕನ್ನು ಬರಿದು ಮಾಡುತ್ತಿದೆ. ಪೋಲೀಸರ ವಾದವನ್ನು ತಳ್ಳಿಹಾಕುವಂತಿಲ್ಲ. ೨೦೧೩ರ ಏಪ್ರಿಲ್ಲಿನಲ್ಲಿ ಬಾಸ್ಟನ್ ಮ್ಯಾರಥಾನಿನ ಬಾಂಬು ಸ್ಫೋಟದ ಆಪಾದಿತರನ್ನು ಬೆನ್ನಟ್ಟಿದ ರಾತ್ರಿ ಅಸಂಖ್ಯ ಜನ ಜಾಲದ ಮೂಲಕ ಪೋಲೀಸು ವಾಣಿಯನ್ನು ಕೇಳುತ್ತಿದ್ದರು. ಅದರಲ್ಲಿ ಕೇಳಿದೆವೆಂದು ನಿರ್ದೋಷಿಗಳ ಹೆಸರುಗಳನ್ನು ಹಬ್ಬಿಸಿದರು. ಪೋಲೀಸರು ಎಲ್ಲೆಲ್ಲಿ ನಿಂತಿದ್ದಾರೆಂಬುದನ್ನು ಸಾರಬೇಡಿರೆಂದು ಇಲಾಖೆ ಬೇಡಿಕೊಳ್ಳಬೇಕಾಯಿತು. ಇದಲ್ಲದೆ, ಸಾಮಾನ್ಯನೊಬ್ಬನ ಹೆಸರು, ವಿಳಾಸ, ಕಾಯಿಲೆಗಳ ವಿವರ ಬೀದಿಯ ಪಾಲಾಗುವುದೂ ನ್ಯಾಯವಲ್ಲ. ಕ್ಯಾಲಿಫೋರ್ನಿಯದ ನ್ಯಾಯ ಇಲಾಖೆ ೨೦೨೦ರಲ್ಲಿ ಇಂತಹ ವಿವರಗಳನ್ನು ಕಾಪಾಡಬೇಕೆಂದು ಸುತ್ತೋಲೆ ಹೊರಡಿಸಿತು. ೨೦೨೩ರಲ್ಲಿ ನ್ಯೂಯಾರ್ಕ್ ನಗರದ ಪೋಲೀಸರೂ ಬ್ರೂಕ್ಲಿನ್ನಿನಿಂದ ಮೊದಲುಮಾಡಿ ಅದೇ ದಾರಿ ಹಿಡಿದರು.

ಎದುರು ವಾದಕ್ಕೂ ತೂಕವಿದೆ. ಪೋಲೀಸರ ನಡವಳಿಕೆಯನ್ನು ಪತ್ರಕರ್ತರು ಆ ಕ್ಷಣದಲ್ಲೇ ಅರಿಯಲು ಇದ್ದ ದಾರಿ ಇದು. ಅದು ಮುಚ್ಚಿದರೆ ಇಲಾಖೆ ಹೇಳಿದಷ್ಟೇ ಸುದ್ದಿ. ಪಾಲೋ ಆಲ್ಟೋ ನಗರದ ಅನುಭವ ಇಲ್ಲಿ ಉಲ್ಲೇಖನೀಯ. ೨೦೨೧ರ ಜನವರಿಯಲ್ಲಿ ಅಲ್ಲಿನ ಪೋಲೀಸರು ಮಾತನ್ನು ಗುಪ್ತಗೊಳಿಸಿದರು, ಜನ ಆಕ್ಷೇಪಿಸಿದರು, ೨೦೨೨ರಲ್ಲಿ ಮತ್ತೆ ಬಯಲಾಗಿಯೇ ಮಾತಾಡತೊಡಗಿದರು. ವ್ಯಕ್ತಿಯ ಖಾಸಗಿ ವಿವರವನ್ನು ಮಾತ್ರ ಬೇರೆ ದಾರಿಯಿಂದ ಕಳುಹಿಸಿ ಉಳಿದುದನ್ನು ತೆರೆದಿಡುವುದು ಅಸಾಧ್ಯವಲ್ಲವೆಂಬುದು ಇದರಿಂದ ಸಿದ್ಧವಾಯಿತು.

ಕಳ್ಳನನ್ನು ಬೆನ್ನಟ್ಟುವ ಪೋಲೀಸನ ಮಾತೂ ಬೆಂಕಿಯ ಗತಿಯನ್ನು ಹೇಳುವ ಅಗ್ನಿಶಾಮಕನ ಮಾತೂ ಒಂದೇ ಜಾತಿಯವಲ್ಲ ಎಂಬುದನ್ನು ಈ ಚರ್ಚೆಯಲ್ಲಿ ಮರೆಯಬಾರದು. ಮೊದಲನೆಯದನ್ನು ಕಳ್ಳನೂ ಕೇಳಿಯಾನು. ಎರಡನೆಯದನ್ನು ಬೆಂಕಿ ಕೇಳಲಾರದು. ೨೦೨೧ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ 'ವಾಚ್ ಡ್ಯೂಟಿ' ಎಂಬ ಲಾಭರಹಿತ ಸಂಸ್ಥೆಯಲ್ಲಿ, ನಿವೃತ್ತ ಅಗ್ನಿಶಾಮಕರನ್ನೊಳಗೊಂಡ ಸ್ವಯಂಸೇವಕರು ಹಗಲಿರುಳು ಸ್ಕ್ಯಾನರಿಗೆ ಕಿವಿಗೊಟ್ಟು, ಕೇಳಿದುದನ್ನು ಪರಿಶೀಲಿಸಿ, ಭೂಪಟದ ಮೇಲೆ ಗುರುತಿಸಿ ಜನರ ಫೋನಿಗೆ ಮುಟ್ಟಿಸುತ್ತಾರೆ. ೨೦೨೫ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಬಡಾವಣೆಗಳು ಉರಿದಾಗ ಲಕ್ಷಾಂತರ ಜನ ಅದನ್ನು ಅವಲಂಬಿಸಿದರು. ಆ ಕೆಲಸವೆಲ್ಲ ನಿಂತಿರುವುದು ಬಯಲಾಗಿ ಹರಿಯುವ ಕೆಲವು ಕಂಪನಾಂಕಗಳ ಮೇಲೆ. ಸ್ಕ್ಯಾನರು ಕೈಯಲ್ಲಿಲ್ಲದ ಪ್ರವಾಸಿಗೂ ಇಂದು ಆ ವಾಣಿಯ ಪ್ರಯೋಜನ ದೊರೆಯುತ್ತಿರುವುದು ಈ ಮಾರ್ಗದಿಂದಲೇ.

ಭಾರತದಲ್ಲಿ ಕೇಳುವ ಹಾದಿ ಮುಚ್ಚಿದ್ದರೂ, ಪರೀಕ್ಷೆ ಕೊಟ್ಟು ಲೈಸೆನ್ಸು ಪಡೆದು ಮಾತಾಡುವ ಹಾದಿಯೊಂದಿದೆ: ಹವ್ಯಾಸಿ ರೇಡಿಯೋ. ೨೦೦೪ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಶ್ರೀಮತಿ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನಿಂದ ಜಗತ್ತಿನ ಹವ್ಯಾಸಿಗಳೊಡನೆ ಮಾತಾಡಲೆಂದು ಪೋರ್ಟ್ ಬ್ಲೇರಿಗೆ ಹೋಗಿತ್ತು. ೨೬ರ ಬೆಳಗ್ಗೆ ಸುನಾಮಿ ಅಪ್ಪಳಿಸಿ ದೂರವಾಣಿಗಳು ಮೂಕವಾದಾಗ, ವಿನೋದಕ್ಕೆಂದು ಒಯ್ದ ಅದೇ ಯಂತ್ರಗಳು ದ್ವೀಪಗಳಿಗೂ ಮುಖ್ಯಭೂಮಿಗೂ ನಡುವಣ ಸಂದೇಶವಾಹಕಗಳಾದುವು.

ಕೊನೆಗೆ ಒಂದು ಮಾತು. ಕೇಳುವುದು ಕರೆಯುವುದಕ್ಕೆ ಬದಲಿಯಲ್ಲ. ಅಮೆರಿಕದಲ್ಲಿ ೯೧೧, ಭಾರತದಲ್ಲಿ ೧೧೨, ಈ ಸಂಖ್ಯೆಗಳೇ ಪ್ರವಾಸಿಯ ಮೊದಲ ಆಸರೆ. ಸ್ಕ್ಯಾನರಿನಲ್ಲಿ ಕೇಳಿದ ಸ್ಥಳಕ್ಕೆ ಕುತೂಹಲದಿಂದ ಧಾವಿಸುವವನು ರಕ್ಷಕರಿಗೆ ಅಡ್ಡಿಯಾಗುತ್ತಾನೆ. ಹವಾಮಾನದ ಏಳು ಕಂಪನಾಂಕಗಳು, ಹಾದಿಯ ಕೌಂಟಿಗಳ ಅಗ್ನಿಶಾಮಕ ಪಟ್ಟಿ, ಹಾದಿಯ ರಾಜ್ಯಗಳ ಕಾಯಿದೆ, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಭೂಪಟದೊಡನೆ ಮಡಿಸಿಟ್ಟುಕೊಂಡವನಿಗೆ, ಹೊಗೆ ಕಾಣಿಸಿದ ಹೊತ್ತಿನಲ್ಲಿ ಯಾವ ದಾರಿ ತೆರೆದಿದೆ ಎಂಬುದನ್ನು ತಿಳಿಯುವ ಅವಕಾಶವಾದರೂ ಇರುತ್ತದೆ.